ಮಾವನ ಕಾಗದದ ಪ್ಯಾಟರ್ನ್

ನನ್ನ ಸೋದರಮಾವ ಪರಮೇಶ್ವರಪ್ಪನವರ ಮನೆಯಲ್ಲಿ ನಡುಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಅಂಟು ಒಣಗುವ ಮುನ್ನ ಗಾಳಿ ತಗುಲಿದರೆ ಕಾಗದ ಸೊಟ್ಟಗಾಗುತ್ತದೆ ಎಂಬುದು ಅವರು ನೀಡುತ್ತಿದ್ದ ಕಾರಣ. ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಸಣ್ಣ ಹಾಲ್‌ನಲ್ಲಿ ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಮಾವ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕಾಗದದ ರಾಕೆಟ್ಟಿಗೆ ರೆಕ್ಕೆ ಅಂಟಿಸುತ್ತಿದ್ದರು.

ಅವರು ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರೆಂಬುದನ್ನು ಇಲ್ಲಿ ನಮೂದಿಸುವುದು ಅವಶ್ಯ. ಎರಕ ಹೊಯ್ಯುವ ಮೊದಲು ಬೇಕಾದ ಆಕಾರವನ್ನು ಮರದಲ್ಲಿ ಕೆತ್ತಿ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಆ ಮರದ ಮಾದರಿಯೇ ಪ್ಯಾಟರ್ನ್.

"ಪ್ಯಾಟರ್ನ್ ತಪ್ಪಿದ್ರೆ ಎರಕನೂ ತಪ್ಪೇ ಮಾರಾಯ್ತಿ. ಕಬ್ಬಿಣಕ್ಕೆ ಸ್ವಂತ ಬುದ್ಧಿ ಇಲ್ಲ" ಎನ್ನುತ್ತಿದ್ದರು.

ನಿವೃತ್ತಿಯ ತರುವಾಯ, ತೊಂಬತ್ತರ ದಶಕದಲ್ಲಿ, ನಮ್ಮ ದೇಶ ಹಾರಿಸುವ ರಾಕೆಟ್ಟುಗಳ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಕಾಗದದಲ್ಲಿ ಅವುಗಳ ಮಾದರಿ ಮಾಡತೊಡಗಿದರು. ಡ್ರಾಯಿಂಗ್ ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ ಕೊಳವೆ ಮಾಡುವರು. ಹಳೆಯ ಲಗ್ನಪತ್ರಿಕೆಯಲ್ಲಿ ದೇವರ ಚಿತ್ರವಿರುವ ಭಾಗವನ್ನು ಬಿಟ್ಟು, ಉಳಿದದ್ದರಲ್ಲಿ ರೆಕ್ಕೆ ಕತ್ತರಿಸುವರು.

"ಇವತ್ತು ಚಪಾತಿ ಇಲ್ಲ ಕಣೇ, ಲಟ್ಟಣಿಗೆ ಆಕಾಶಕ್ಕೆ ಹೋಗಿದೆ" ಎಂದು ಅತ್ತೆ ನಗುತ್ತಿದ್ದರು.

ಆ ನಗು ಬಹುಕಾಲ ಉಳಿಯಲಿಲ್ಲ. ಮಾವ ಆಗಷ್ಟೇ ಮಾದರಿ ಮಾಡಿ ಮುಗಿಸಿದ್ದ ಒಂದು ರಾಕೆಟ್, ಹಾರಿದ ಸ್ವಲ್ಪ ಹೊತ್ತಿಗೇ ದಾರಿ ತಪ್ಪಿ ಸಮುದ್ರಕ್ಕೆ ಬಿತ್ತೆಂದು ಟಿವಿಯಲ್ಲಿ ಸುದ್ದಿ ಬಂತು. ಮಾವ ಎದ್ದು ತಮ್ಮ ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ರೆಕ್ಕೆ ಕೂದಲೆಳೆಯಷ್ಟು ವಾಲಿತ್ತು.

"ನಾನೇ ಕೆಡಿಸ್ದೆ" ಎಂದರು.

"ರೀ, ಅಲ್ಲಿ ಅಷ್ಟು ಜನ ಓದ್ದೋರು ಇದ್ದಾರೆ. ನಿಮ್ಮ ಮೈದಾ ಅಂಟಿಂದ ಬಿತ್ತಾ ಅದು?" ಅತ್ತೆ ರೇಗಿದರು.

"ಪ್ಯಾಟರ್ನ್ ಸೊಟ್ಟ ಇತ್ತಲ್ಲ."

ತಮಾಷೆಯೆಂದು ನಾವು ಭಾವಿಸಿದೆವು. ಆದರೆ ಅವರಿಗೆ ಊಟ ಸೇರದಾಯಿತು, ನಿದ್ರೆ ಹತ್ತದಾಯಿತು. ಮುಂದಿನ ಉಡಾವಣೆಯ ಸುದ್ದಿ ಬಂದಾಗಿನಿಂದ ಹಾರಲಿರುವ ಸದರಿ ರಾಕೆಟ್ಟಿನ ಮಾದರಿಯನ್ನು ಮಾಡುವುದು, ಹರಿಯುವುದು, ಮತ್ತೆ ಮಾಡುವುದು. ವೈದ್ಯರ ಮಾತ್ರೆಗಳಿಂದ ಪ್ರಯೋಜನವಾಗಲಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಹೆಂಗಾದ್ರೂ ಮಾಡಿ ಅವರ ತಲೆಯಿಂದ ಇದನ್ನ ತೆಗಿ ಕಣೇ. ಹಿಂಗೇ ಆದ್ರೆ ಮನುಷ್ಯ ಉಳಿಯಲ್ಲ" ಎಂದು ಕಣ್ಣೊರೆಸಿಕೊಂಡರು.

ಉಡಾವಣೆಯ ದಿನ ಮಾದರಿಗೆ ಇನ್ನೂ ತುದಿ ಕೂಡಿಸಿರಲಿಲ್ಲ. ಮಾವ ಟಿವಿ ನೋಡಲಾರದೆ ಕೋಣೆ ಸೇರಿದರು. ರಾಕೆಟ್ ನೆಟ್ಟಗೆ ಏರಿತು. ನಾನು ಓಡಿಹೋದೆ.

"ಮಾವ, ಹೋಯ್ತು! ನಿಮ್ಮದು ಅರ್ಧಕ್ಕೇ ನಿಂತಿದೆ, ಆದ್ರೂ ಹೋಯ್ತು! ನಿಮಗೂ ಅದಕ್ಕೂ ಸಂಬಂಧನೇ ಇಲ್ಲ!"

ಅವರು ತಮ್ಮ ತುದಿಯಿಲ್ಲದ ರಾಕೆಟ್ಟನ್ನು ಬಹಳ ಹೊತ್ತು ನೋಡಿದರು.

"ಸಂಬಂಧನೇ ಇಲ್ಲ ಅಂತೀಯಾ?"

"ಇಲ್ಲ ಮಾವ."

ಅಂದು ಅವರು ಹೊಟ್ಟೆತುಂಬ ಉಂಡರು, ಚೆನ್ನಾಗಿ ನಿದ್ರಿಸಿದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಆ ಬಳಿಕ ಮಾವ ಕತ್ತರಿ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು.

ಅವರು ತೀರಿಕೊಳ್ಳುವ ಕೆಲ ದಿನಗಳ ಮುಂಚೆ ಹೋಗಿದ್ದಾಗ, ಹೊಸ ರಾಕೆಟ್ಟಿನ ಚಿತ್ರವಿದ್ದ ಪತ್ರಿಕೆಯನ್ನು ಒಯ್ದಿದ್ದೆ.

"ಇದನ್ನ ಮಾಡಲ್ವಾ ಮಾವ?"

ಅವರು ನಾನು ಕೂರಲೆಂದು ಮಂಚದಲ್ಲಿ ಜಾಗ ಬಿಟ್ಟು ಸರಿದರು.

"ನಾನ್ಯಾಕೆ ಬೇಕು ಮಾರಾಯ್ತಿ. ಅವ್ರೇ ಮಾಡ್ಕೊಳ್ತಾರೆ."