ಅತ್ತೆಯ ಮೇಲಿನ ದಿಕ್ಕು

ಮೊನ್ನೆ ಎಂದಿನಂತೆ ಕೊಲ್ಹಾಪುರದಿಂದ ಹೈದರಾಬಾದಿಗೆ ವಿಮಾನದ ಟಿಕೆಟ್ ತೆಗೆಯುವಾಗ ಬೆರಳು ಜಾರಿ ಬೆಳಗಾವಿಯಿಂದ ಕೊಲ್ಹಾಪುರಕ್ಕೆ ವಿಮಾನ ಹುಡುಕಿಬಿಟ್ಟೆ. ಫೋನು ನಗಲಿಲ್ಲ. ಆಕಾಶದ ದಾರಿ ನೂರು ಕಿಲೋಮೀಟರಿಗೆ ತುಸು ಕಡಿಮೆ, ಹಾರಾಟ ಅರ್ಧ ಗಂಟೆಯ ಆಸುಪಾಸು, ನೇರ ವಿಮಾನ ಇಲ್ಲ, ಬೇಕಿದ್ದರೆ ಬೆಂಗಳೂರು ಸುತ್ತಿಕೊಂಡು ಹೋಗಿ ಎಂದು ಗಂಭೀರವಾಗಿ ಉತ್ತರ ಕೊಟ್ಟಿತು. ನಿಪ್ಪಾಣಿಯಲ್ಲಿ ಪಂಪಿನ ಬಿಡಿಭಾಗ ಮಾರುವ ನನಗೆ ಆ ಎರಡೂ ಊರು ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಈ ಮಾಹಿತಿ ಯಾರಿಗೆ ಬೇಕು, ನೀವೇ ಹೇಳಿ.

ಬೇಕಾದವಳು ಒಬ್ಬಳಿದ್ದಾಳೆ. ಐನಾಪುರದ ನನ್ನ ಸೋದರತ್ತೆ.

ನಮ್ಮ ಜೈನರಲ್ಲಿ ದಿಗ್ವ್ರತ ಎಂದೊಂದಿದೆ. ಯಾವ ದಿಕ್ಕಿಗೆ ಎಷ್ಟು ದೂರ ಹೋಗುತ್ತೇನೆ ಎಂದು ಗೆರೆ ಹಾಕಿಕೊಂಡು, ಬದುಕಿರುವತನಕ ಅದನ್ನು ದಾಟದಿರುವುದು. ಬಹಳ ವರ್ಷಗಳ ಹಿಂದೆ ಬಸದಿಯಲ್ಲಿ ಅತ್ತೆ ಮುನಿಗಳಿಂದ ಅದನ್ನು ತೆಗೆದುಕೊಂಡಾಗ ನಾನೂ ಪಕ್ಕದಲ್ಲಿದ್ದೆ. ಊಟದ ಆಸೆಗೆ ಹೋಗಿದ್ದೆ ಅನ್ನುವುದು ಬೇರೆ ಮಾತು. ಪೂರ್ವಕ್ಕೆ ಅಥಣಿ, ಉತ್ತರಕ್ಕೆ ಮಿರಜ, ದಕ್ಷಿಣಕ್ಕೆ ಬೆಳಗಾವಿ, ಪಶ್ಚಿಮಕ್ಕೆ ಮಗಳ ಊರಾದ ಕೊಲ್ಹಾಪುರ. ವ್ರತದಲ್ಲಿ ಮೇಲೆ, ಕೆಳಗೆ ಎಂಬವೂ ದಿಕ್ಕುಗಳೇ. "ಮೇಲಿನ ದಿಕ್ಕಿಗೆ ಎಷ್ಟಮ್ಮ?" ಎಂದು ಮುನಿಗಳು ಕೇಳಿದರು.

"ಶೇಂಗಾ ಒಣಗಸಾಕ ಮಾಳಿಗಿ ಹತ್ತತೇನ್ರಿ, ಮಹಾರಾಜ್ರ. ಅದಕ್ಕಿಂತ ಮ್ಯಾಲ ನನಗೇನ ಕೆಲಸ ಐತ್ರಿ?"

ಆಯಿತು, ಮಾಳಿಗೆಯೇ ಗಡಿಯಾಯಿತು. ಆಮೇಲೆ ಕೊಲ್ಹಾಪುರದ ವಿಮಾನಗಳು ಐನಾಪುರದ ಮೇಲೆ ಹಾಯತೊಡಗಿದವು. ಅತ್ತೆ ಅದೇ ಮಾಳಿಗೆಯಲ್ಲಿ ಹಣೆಗೆ ಕೈಯಿಟ್ಟು, ವಿಮಾನ ಚುಕ್ಕಿಯಾಗುವವರೆಗೆ ನೋಡುತ್ತ ನಿಲ್ಲುವಳು. ತನ್ನ ಊರು, ಹೊಳೆ, ಕಬ್ಬಿನ ಹೊಲ ಮೇಲಿನಿಂದ ಹೇಗೆ ಕಾಣುತ್ತವೆ ಎಂಬುದು ಅವಳಿಗೆ ತಿಳಿಯಲೇಬೇಕಾಗಿತ್ತು.

"ಬೆಳಗಾಂವದಾಗ ಹತ್ತಿ ಕೊಲ್ಹಾಪುರದಾಗ ಇಳದ್ರ ನಾಕೂ ದಿಕ್ಕಿನ ಗೆರಿ ಒಳಗ ಇರ್ತೇನಿ. ಎಷ್ಟ ಹೊತ್ತಿನ ದಾರಿ ಇದ್ದೀತೋ ತಮ್ಮಾ?" ಎಂದು ಒಮ್ಮೆ ಕೇಳಿದಳು. ಕೇಳಿದವಳೇ, "ಮ್ಯಾಲಿಂದು ಒಂದು ಅಡ್ಡ ಬರ್ತೈತಿ" ಎಂದು ತಾನೇ ತಲೆಯಾಡಿಸಿದಳು.

ಬುದ್ಧಿವಂತನಾದ ನಾನು ಸುಮ್ಮನಿರಬೇಕಲ್ಲ. "ಮಿರಜ ಕಡೆ ಒಂದೀಟ ಕಡಿಮಿ ಮಾಡಿ ಮ್ಯಾಲ ಹೆಚ್ಚಿಗಿ ಮಾಡ್ಕೊ ಅತ್ತಿ" ಎಂದೆ.

"ಹಂಗ ಒಂದ ಕಡೆ ಕಡದು ಇನ್ನೊಂದ ಕಡೆ ಹಚ್ಚೂದೂ ದೋಷನ ಐತಿ. ನಿನ್ನಂಥಾವ್ರು ಹುಟ್ಟತಾರಂತ ಮದ್ಲ ಶಾಸ್ತ್ರದಾಗ ಬರದಿಟ್ಟಾರ."

ಆಗ ಹೇಳಲಾಗದ ಉತ್ತರ ಈಗ ಸಿಕ್ಕಿತ್ತಲ್ಲ, ಭಾನುವಾರ ಐನಾಪುರಕ್ಕೆ ಹೋದೆ. ಮಂಡಿನೋವಿದ್ದರೂ ಅತ್ತೆ ಮಾಳಿಗೆಯ ಮೇಲೇ ಇದ್ದಳು. ಫೋನು ಹೇಳಿದ್ದನ್ನೆಲ್ಲ ಹೇಳಿದೆ.

"ಅರ್ಧ ತಾಸು ಅಷ್ಟ ಏನು?" ಎಂದು ನಕ್ಕಳು. "ಇರ್ಲಿ. ನೀ ಕೊಲ್ಹಾಪುರದಿಂದ ಹೈದರಾಬಾದಿಗಿ ನಮ್ಮ ಮ್ಯಾಲೇ ಹೋಗ್ತಿಯಲಾ, ಹೊಳಿ ಹೆಂಗ ಕಾಣ್ತೈತಿ? ಈ ಮಾಳಿಗಿ ಕಾಣ್ತೈತೇನು?"

ಬೇಗ ಇಳಿಯಬಹುದೆಂದು ನಾನು ಯಾವಾಗಲೂ ನಡುದಾರಿಯ ಪಕ್ಕದ ಸೀಟು ಹಿಡಿಯುವವನು. ಅವಳು ಕತ್ತೆತ್ತಿ ನೋಡಿದ ಎಷ್ಟೋ ವಿಮಾನಗಳಲ್ಲಿ ನಾನು ಬಾಯಿ ತೆರೆದು ಮಲಗಿದ್ದೆ.

"ನೋಡಿಲ್ಲ, ಅತ್ತಿ."

ಅವಳಿಗೆ ಸಿಟ್ಟು ಬರಲಿಲ್ಲ, ನಿಜಕ್ಕೂ ಆಶ್ಚರ್ಯವಾಯಿತು. "ನಿನಗ ಯಾರೂ ಬ್ಯಾಡ ಅಂದಿದ್ದಿಲ್ಲಲಾ" ಎಂದಳು.

ನನಗೆ ನಾಚಿಕೆಯಾಯಿತು. ಅಲ್ಲಿಯೇ ಕುಳಿತು ಫೋನಿನಲ್ಲೇ ಹೈದರಾಬಾದಿನ ವಿಮಾನಕ್ಕೆ, ಐನಾಪುರ ಕಾಣುವ ಬಲಗಡೆಯ ಕಿಟಕಿ ಸೀಟು ಹಿಡಿದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಅತ್ತೆ ಎರಡೆರಡು ಸಲ ಕೇಳಿಕೊಂಡಳು. ಆ ಹೊತ್ತಿಗೆ ಮಾಳಿಗೆಯ ತುಂಬ ತನ್ನ ಕೆಂಪು ಸೀರೆ ಹಾಸಿಡುತ್ತಾಳಂತೆ.