ಹಕ್ಕರಕಿ ಎಲೆ, ಮೊದಲ ರೊಟ್ಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಯಿ ಹಾಕಿಕೊಳ್ಳುತ್ತಿದ್ದದ್ದು ಅಪ್ಪನ ಹಳೇ ಬೂಟು ಎಂದು ನನ್ನ ನೆನಪು. ಅಲ್ಲ, ಅವು ತನ್ನವು ಎನ್ನುತ್ತಾಳೆ ಅವ್ವ. ನನಗಾಗ ಒಂಬತ್ತೋ ಹತ್ತೋ. ಆ ದಿನಗಳಲ್ಲಿ ನಾವು ವಿಲಾಯಿತಿಯ ಹೇಸ್‌ನಲ್ಲಿ, ಕಾಲುವೆಗೆ ಐದು ನಿಮಿಷ ದೂರದ ಬಾಡಿಗೆ ಮನೆಯಲ್ಲಿದ್ದೆವು. ಎಲಿಜಬೆತ್ ಲೈನ್ ರೈಲು ಇನ್ನೂ ಬಂದಿರಲಿಲ್ಲ. ಜೋಳದ ಹಿಟ್ಟು ಊರಿಂದ ಬರುವವರ ಸೂಟ್‌ಕೇಸಿನಲ್ಲೇ ಬರಬೇಕಿತ್ತು. ಆ ಬೇಸಿಗೆ ಹಿಟ್ಟಿನ ಜೊತೆ ಧಾರವಾಡದಿಂದ ಆಯಿಯೂ ಬಂದಳು. ಆಯಿ ಎಂದರೆ ನಮ್ಮಪ್ಪನ ತಾಯಿ.

ಆಯಿಗೆ ಮನೆಯೊಳಗೆ ಕೂರುವುದು ಒಗ್ಗುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಬಾವಿಗೆ ಹಾರಿ ಈಜಿದವಳು, ಮದುವೆಯಾದ ಮೇಲೂ ಹುಣಸೆ ಮರ ಹತ್ತಿ ಅತ್ತೆಯಿಂದ ಬೈಸಿಕೊಂಡವಳು. ಎಪ್ಪತ್ತರಲ್ಲೂ ಬೆಳಕು ಹರಿಯುವಷ್ಟರಲ್ಲಿ ಹೊಲದ ಬದುವಿನ ಮೇಲಿರುತ್ತಿದ್ದಳಂತೆ. ಹೇಸ್‌ಗೆ ಬಂದ ಮೂರನೇ ದಿನಕ್ಕೇ, "ಮನ್ಯಾಗ ಕುಂತ್ರ ಮೊಣಕಾಲಿಗೆ ಜಂಗ ಹಿಡಿತೈತಿ" ಎಂದು ಇಳಕಲ್ಲ ಸೀರೆಯ ಕೆಳಗೆ ಬೂಟು ಏರಿಸಿ ಕಾಲುವೆ ದಂಡೆಗೆ ಹೊರಟಳು.

ಅಲ್ಲಿ ಹುಲ್ಲಿನ ನಡುವೆ ಗರಗಸದಂಥ ಅಂಚಿನ ಎಲೆಗಳು ಕಂಡವು. "ಇದು ನಮ್ಮ ಹಕ್ಕರಕಿ!" ಎಂದು ಕುಕ್ಕರಗಾಲಲ್ಲಿ ಕೂತುಬಿಟ್ಟಳು; ಊರ ಹೊಲದಲ್ಲಿ ಬೆಳೆಯುವ, ರೊಟ್ಟಿಗೆ ನೆಂಚಿಕೊಳ್ಳುವ ಸೊಪ್ಪು ಅದು. ಇದು ಡ್ಯಾಂಡೆಲಿಯನ್ ಎಂಬ ಇಲ್ಲಿಯ ಕಳೆಗಿಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಬಾಯಿಗಿಟ್ಟು ನೋಡಿ, "ಜರಾ ಕಹಿ ಐತಿ. ಇಲ್ಲೆ ಬಿಸಲಿಲ್ಲಲಾ, ಅದಕ್ಕ" ಎಂದು ತಾನೇ ಸಮಾಧಾನ ಹೇಳಿಕೊಂಡಳು. ಸೆರಗಿನ ಉಡಿಯ ತುಂಬ ಎಲೆ ತಂದು, ತೊಳೆದು, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಜೊತೆ ಹಸಿಯಾಗೇ ತಿನ್ನಿಸಿದಳು. ಅವಳದೊಂದು ಕಟ್ಟಳೆ ಇತ್ತು: ಆ ದಿನದ ಮೊದಲ ಎಲೆ ಕಂಡವರಿಗೆ ಹೆಂಚಿನ ಮೊದಲ ರೊಟ್ಟಿ, ಬೆಣ್ಣೆ ಸವರಿ.

ಆ ರೊಟ್ಟಿ ದಿನವೂ ಸ್ವಾತಿಯ ಪಾಲಾಗುತ್ತಿತ್ತು.

ಸ್ವಾತಿ ಫೆಲ್ಥಮ್‌ನಲ್ಲಿದ್ದ ಕಾಕಾನ, ಅಂದರೆ ಚಿಕ್ಕಪ್ಪನ ಮಗಳು, ನನ್ನದೇ ವಯಸ್ಸು. ಕಾಕಾ, ಕಾಕು ಇಬ್ಬರಿಗೂ ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಕೆಲಸ; ಹಾಗಾಗಿ ರಜೆಯುದ್ದಕ್ಕೂ ಅವಳು ನಮ್ಮಲ್ಲೇ. ನನಗೋ ಗ್ರಾಮರ್ ಸ್ಕೂಲ್ ಎಂಬ, ಜಾಣ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಯ ಪ್ರವೇಶ ಪರೀಕ್ಷೆಗೆಂದು ಬೆಳಗಿನ ಹೊತ್ತು ಟ್ಯೂಷನ್. ಮುಗಿಸಿ ಬರುವಾಗ ಸುಟ್ಟ ಜೋಳದ ವಾಸನೆ ಬಾಗಿಲಿಗೇ ಬರುತ್ತಿತ್ತು, ಒಳಗೆ ಸ್ವಾತಿಯ ಗದ್ದಕ್ಕೆ ಬೆಣ್ಣೆ ಅಂಟಿರುತ್ತಿತ್ತು. ನಾನು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅವಳು ಆಯಿಯ ಹಾಗೇ ಮಾತಾಡುತ್ತಿದ್ದಳು.

"ನಿನ್ನ ಟ್ಯೂಷನ್ನಾಗ ಎಲಿ ಗುರ್ತಾ ಕಲಸಂಗಿಲ್ಲೇನ?" ಎಂದು ಕೇಳಿದಳು ಒಮ್ಮೆ. ಆಯಿ ನಕ್ಕಳು. ಅವಳ ಪ್ರಶ್ನೆಗಿಂತ ನನಗೆ ಆ ನಗೆಯೇ ಹೆಚ್ಚು ಚುಚ್ಚಿತು.

ಒಂದು ದಿನ ಟ್ಯೂಷನ್ ಇರಲಿಲ್ಲ. ನಾನೂ ಹೊರಟೆ. ಸೇತುವೆ ದಾಟುತ್ತಲೇ ಆ ಎಲೆಯ ದೊಡ್ಡದೊಂದು ಬುಡ ಕಂಡು, ಸ್ವಾತಿಗಿಂತ ಮೊದಲು ಓಡಿ, "ಆಯಿ, ಹಿಯರ್!" ಎಂದು ಕೂಗಿದೆ.

ಆಯಿ ಬಂದು ಒಂದು ಎಲೆ ಬೆರಳಲ್ಲಿ ಮುರಿದಳು. "ಬಲತೈತಿ ಇದು. ಇದನ್ನ ಎಮ್ಮಿನೂ ಮೂಸಂಗಿಲ್ಲ. ಬಿಡವಾ."

ಅಷ್ಟರಲ್ಲಿ ಸ್ವಾತಿ ಮುಂದೆಲ್ಲೋ ಕೂತು, "ಆಯಿ, ಎಳೀವು ಅದಾವ!" ಎಂದಳು. ಆಯಿ ಉಡಿ ಒಡ್ಡಿದಳು.

ಮಧ್ಯಾಹ್ನ ಮೊದಲ ರೊಟ್ಟಿ ಸ್ವಾತಿಯ ತಟ್ಟೆಗೆ ಬಿದ್ದಾಗ ನಾನು ಅವ್ವನಿಗೆ ಹೇಳಿದೆ: ಸ್ವಾತಿ ಕಿತ್ತ ಎಲೆ ದೀಪದ ಕಂಬದ ಬುಡದ್ದು, ನಾಯಿಗಳು ಕಾಲೆತ್ತುವ ಜಾಗದ್ದು.

"ಸುಳ್ಳ!" ಎಂದಳು ಸ್ವಾತಿ.

ಆಯಿ ನನ್ನ ಮುಖವನ್ನೇ ನೋಡಿದಳು. "ಹೌದೇನವಾ? ನೀ ನೋಡೀದಿ?"

"ಹೂಂ" ಎಂದೆ. ಆ ಬೇಸಿಗೆಯಲ್ಲಿ ನಾನು ಅವಳಿಗೆ ಕನ್ನಡದಲ್ಲಿ ಕೊಟ್ಟ ಉತ್ತರ ಅದೊಂದೇ ಇರಬೇಕು.

ಅವ್ವ ಎದ್ದು ತಟ್ಟೆಗಳಲ್ಲಿದ್ದ ಎಲೆಯನ್ನೆಲ್ಲ ಕಸದ ಬಿನ್ನಿಗೆ ಹಾಕಿದಳು. "ಅತ್ತೀ, ಇನ್ನ ಮ್ಯಾಲೆ ಹೊರಗಿಂದ ಏನೂ ತರಬ್ಯಾಡ್ರಿ. ಹುಡುಗೂರಿಗೆ ಏನರ ಆದ್ರ ಜಿಪಿ ಡಾಕ್ಟರ್ ಮುಂದ ಏನಂತ ಹೇಳೂಣ?"

"ಆತ ಬಿಡವಾ" ಎಂದಳು ಆಯಿ. ಮರುದಿನವೂ ನಡೆಯಲು ಹೋದಳು, ಆದರೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಬರಿಗೈಯಲ್ಲಿ ಬಂದಳು. ಮೊದಲ ರೊಟ್ಟಿ ಯಾರಿಗೆ ಎಂಬ ಮಾತೇ ನಿಂತಿತು. ಸೆಪ್ಟೆಂಬರಿನಲ್ಲಿ, ವೀಸಾ ಇನ್ನೂ ಉಳಿದಿದ್ದಾಗಲೇ, ಊರಿಗೆ ಹೋದಳು. ಮತ್ತೆ ಬರಲಿಲ್ಲ. ಮೊಣಕಾಲು ನೋವು ಎಂದರು.

ಕನ್ನಡ ಬರೆಯುವುದನ್ನು ನಾನು ವಿಶ್ವವಿದ್ಯಾಲಯದ ವರ್ಷಗಳಲ್ಲಿ ಹಟ ಹಿಡಿದು ಕಲಿತೆ. ಭಾಷೆಯ ಪ್ರೀತಿಯಿಂದ ಎಂದು ಎಲ್ಲರಿಗೂ ಹೇಳುತ್ತೇನೆ. ಸ್ವಾತಿಗೆ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಿಜವಾದ ಕಾರಣ ಅದು. ಧಾರವಾಡಕ್ಕೆ ಉದ್ದುದ್ದ ಪತ್ರ ಬರೆದೆ. ಆಯಿ ಫೋನಿನಲ್ಲಿ, "ಅಕ್ಷರ ಚಂದ ಅದಾವ" ಎನ್ನುತ್ತಿದ್ದಳು. ಆಮೇಲೆ, "ಸ್ವಾತಿ ಹೆಂಗದಾಳ?"

ಕಳೆದ ವರ್ಷ ಆಯಿ ತೀರಿಕೊಂಡಳು. ಶ್ರದ್ಧಾಂಜಲಿಗೆಂದು ಇಲ್ಲಿ ಕೆಂಟನ್‌ನ ಒಂದು ಸಭಾಂಗಣದಲ್ಲಿ ಎಲ್ಲರೂ ಸೇರಿದೆವು. ಸ್ವಾತಿ ಎದ್ದು ನಿಂತು, "ಬಲತ ಎಲಿ ಯಾವ್ದು, ಎಳೀ ಎಲಿ ಯಾವ್ದು, ಎಲ್ಲಾ ಆಯಿನ ಕಲಸಿದ್ಲು" ಎಂದಳು. ಕಾಕಾ ಕಣ್ಣೊರೆಸಿಕೊಂಡ. ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ನಾನು ಬರೆದು ತಂದಿದ್ದ ಎರಡು ಪುಟ ಚೀಲದಲ್ಲೇ ಉಳಿದವು.

ಕಳೆದ ವಾರ ಆ ದಂಡೆಗೆ ಹೋಗಿದ್ದೆ. ಅತ್ತ ಬದಿಗೆ ಫ್ಲ್ಯಾಟುಗಳು ಎದ್ದಿವೆ. ಡ್ಯಾಂಡೆಲಿಯನ್ ಈಗಲೂ ಬೇಕಾದಷ್ಟು ಇದೆ. ಒಂದು ಎಲೆ ಮುರಿದು ನೋಡಿದೆ. ಎಳೆಯದೋ ಬಲಿತದ್ದೋ ತಿಳಿಯಲಿಲ್ಲ. ಕೇಳೋಣವೆಂದರೆ ಆಯಿ ಇಲ್ಲ. ದಂಡೆಯ ಮೇಲೆ ದೀಪದ ಕಂಬಗಳಿವೆ. ಆಗಲೂ ಇದ್ದವೇ? ಕಂಬದ ಬುಡದಲ್ಲಿ ಕೂತ ಸ್ವಾತಿ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಾಳೆ. ಆದರೆ ಆ ಚಿತ್ರ ಅವಳನ್ನು ಕಂಡಾಗ ಮೂಡಿದ್ದೋ, ಅವ್ವನಿಗೆ ಹೇಳಿದ ಮೇಲೆ ಮೂಡಿದ್ದೋ ನನಗೇ ಗೊತ್ತಿಲ್ಲ.

ಅಲ್ಲೇ ನಿಂತು ಸ್ವಾತಿಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶ ಕಳಿಸಿದೆ. ಅವಳು ಕೇಳಿಸಿಕೊಂಡಿದ್ದಾಳೆ, ನೀಲಿ ಗುರುತು ಬಿದ್ದಿದೆ. ಇಂದಿಗೆ ಆರು ದಿನ.

"ಸ್ವಾತಿ, ಆವತ್ತ ಆ ಎಲಿ ನೀ ಎಲ್ಲೆ ಕಿತ್ತಿದ್ದಿ?"