ಅಕ್ಕನ ಪ್ಲೇಯರಿಗೆ ಹೊಂದಿಸಿದ ಅವ್ವ

ಕಾಸಾರಶಿರಸಿಯ ಸುತ್ತಮುತ್ತ ಎವಿಐ ಎಂದರೇನೆಂದು ಬಲ್ಲ ಏಕೈಕ ಮಹಾಪುರುಷ ನಾನೇ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆ ವಿದ್ಯೆಯಿಂದ ಬಂದ ಸುಖವೇನೆಂದು ಮಾತ್ರ ಕೇಳಬೇಡಿ.

ಅಕ್ಕ ಲಾತೂರಿನ ಹಾಸ್ಟೆಲಿನಲ್ಲಿದ್ದು ಎರಡನೆಯ ಸಲ ಡಾಕ್ಟರಿಕೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಅಲ್ಲಿ ಮೊಬೈಲ್ ನಿಷಿದ್ಧ. ಪಾಠದ ವಿಡಿಯೊ ನೋಡಲು ಸಿಮ್ ಇಲ್ಲದ ಪ್ಲೇಯರ್ ಇಟ್ಟುಕೊಳ್ಳಬಹುದೆಂದು ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಮೇಡಂ ಒಪ್ಪಿದ್ದರು. ನಮ್ಮ ಕಾಕಾ ಕುರಿ ಮೇಯಿಸುತ್ತ ಡೊಳ್ಳಿನ ಪದ ಕೇಳುತ್ತಿದ್ದ ಅಂಗೈಯಗಲದ ಪ್ಲೇಯರ್ ಅವಳ ಪಾಲಾಯಿತು. ಅದಕ್ಕೋ ನವಾಬರ ನಖರೆ! ಮೊಬೈಲಿನ ವಿಡಿಯೊ ಹಾಗೇ ಕೊಟ್ಟರೆ ಮುಟ್ಟುವುದಿಲ್ಲ. ಎವಿಐ ಎಂಬ ಹಳೆಯ ನಮೂನೆಗೆ ಬದಲಿಸಿ, ಕುಗ್ಗಿಸಿ ಉಣಿಸಬೇಕು. ನಮ್ಮ ಮುದಿ ಲ್ಯಾಪ್‌ಟಾಪ್ ಒಂದು ಪಾಠ ಬದಲಿಸುವಷ್ಟರಲ್ಲಿ ಕುರಿಯೊಂದು ಗಬ್ಬವಾಗಿ ಮರಿ ಹಾಕಬಹುದಿತ್ತು.

ಒಮ್ಮೆ ಭೇಟಿಗೆ ಹೋದಾಗ ಅಕ್ಕ ಗೇಟಿನ ಬಳಿ ಪಿಸುಗುಟ್ಟಿದಳು: “ತಮ್ಮಾ, ಇಲ್ಲಿ ಎಲ್ಲಾ ಮರಾಠಿ, ನಮ್ಮ ಮಾತ ಒಂದೂ ಕಿವ್ಯಾಗ ಬೀಳವಲ್ದು. ಅವ್ವಂದು ಒಂದ್ ವಿಡಿಯೊ ಹಾಕ್ಕೊಂಡ್ ಬಾ. ಇಲ್ಲಂದ್ರ ನಾ ಗಂಟು ಕಟ್ಕೊಂಡು ಮನಿಗಿ ಬರ್ತೀನಿ ನೋಡು.”

ಬಂದರೆ ಮತ್ತೆ ಕಳಿಸುವುದಿಲ್ಲವೆಂದು ಅಪ್ಪ ಮೊದಲೇ ಹೇಳಿದ್ದ.

ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಚಿತ್ರೀಕರಿಸಿದೆ. ಕುರಿಮರಿಯೊಂದು ಹಿಟ್ಟಿಗೆ ಮೂತಿ ಹಾಕಿತು. “ಏ ಮೂಳಾ! ನಿಮ್ಮಪ್ಪ ಗಿರಣಿಗಿ ಹೋಗಿ ಬೀಸ್ಕೊಂಡ್ ಬಂದಾನೇನ?” ಎಂದು ಅವ್ವ ಗದರಿದಳು.

ಮೊದಲ ಪ್ರಯತ್ನದಲ್ಲಿ ಚಿತ್ರ ಅಡ್ಡಡ್ಡ ಹಿಗ್ಗಿತು.

“ಯಾರಲೇ ಈ ಎಮ್ಮಿ?” ಅವ್ವ ಕೇಳಿದಳು.

“ನೀನೇ ಬೇ.”

ಬೆನ್ನ ಮೇಲೆ ಹಿಟ್ಟಿನ ಕೈ ಮೂಡಿತು. ಎರಡನೆಯದರಲ್ಲಿ ದನಿ ಚಿತ್ರಕ್ಕಿಂತ ಮುಂದೋಡಿ, ಮರಿ ಬರುವ ಮೊದಲೇ ಬೈಗುಳ ಬಂತು. ಮೂರನೆಯದು ಸರಿಯಾಯಿತು. ಮೆಮೊರಿ ಕಾರ್ಡಿಗೆ ಹಾಕಿ ಅಕ್ಕನಿಗೆ ಕೊಟ್ಟಾಗ ಗೇಟಿನಲ್ಲೇ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಲಾತೂರಿನಿಂದ ಮನೆಯವರೆಗೂ ಬಸ್ಸಿನಲ್ಲಿ ನಾನು ಎದೆಯುಬ್ಬಿಸಿಕೊಂಡೇ ಬಂದೆ.

ಮುಂದಿನ ಭೇಟಿಯಲ್ಲಿ ಅವಳು ನಗಲಿಲ್ಲ. ಇಳಿದುಹೋಗಿದ್ದಳು. ಪ್ಲೇಯರನ್ನು ನನ್ನ ಕೈಗಿಟ್ಟಳು.

“ತೆಗಿ.”

“ಯಾವ ಪಾಠ ಕೆಟ್ಟದ?”

“ಪಾಠ ಅಲ್ಲೋ, ಅವ್ವನ್ನ ತೆಗಿ. ಒಮ್ಮಿ ನೋಡಿದ್ರ ನೋಡ್ತಾನೇ ಕೂಡ್ತೀನಿ. ಆಮ್ಯಾಲ ಪುಸ್ತಕ ತೆರೀಲಾಕ ಆಗವಲ್ದು. ಅಕಿ ಇದ್ರಾಗ ಇದ್ರ ನಾ ಇಲ್ಲಿ ಇರಂಗಿಲ್ಲ. ನನ್ನ ಕೈಲಿಂದ ಅಳ್ಸಲಾಕ ಆಗಲಿಲ್ಲ.”

ಗುಂಡಿ ಒತ್ತಿದೆ. ಅವ್ವ ಹೋಗಲು ಒಂದು ಕ್ಷಣವೂ ಹಿಡಿಯಲಿಲ್ಲ. ಅಕ್ಕ ಪ್ಲೇಯರ್ ಇಸಿದುಕೊಂಡು, ತಿರುಗಿ ನೋಡದೆ ಒಳಗೆ ಹೋದಳು.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಇನ್ನಾ ನೋಡ್ತಾಳೇನ ಅಕಿ?”

“ಅಕಿ ಒಬ್ಬಾಕೀನಾ? ಹಾಸ್ಟೆಲಿನ ಹುಡುಗ್ಯಾರೆಲ್ಲ ಪಾಳಿ ಹಚ್ಚಿ ನೋಡ್ತಾರ! ನಿನ್ನ ರೊಟ್ಟಿ ನೋಡಿ ರೆಕ್ಟರ್ ಮೇಡಂ ಬಾಯಾಗ ಸೈತ ನೀರು ಬಂದಾವ.”

ಅವ್ವ ಒಳಗೆ ಹೋಗಿ ಮದುವೆ ಮನೆಗೆಂದು ಇಟ್ಟಿದ್ದ ಹಸಿರು ಸೀರೆ ಉಟ್ಟು ಬಂದಳು. “ಅವತ್ತ ಹೊಲದಾನ ಸೀರಿ ಮ್ಯಾಲಿದ್ದೆ. ಇನ್ನೊಮ್ಮಿ ತೆಗಿ. ಈ ಸಲ ಜರಾ ಉದ್ದ ಮಾತಾಡ್ತೀನಿ.”

ನಾನು ಮೊಬೈಲ್ ಎತ್ತಿ ಹಿಡಿದೆ. ಅವ್ವ ಸೆರಗು ಸರಿಮಾಡಿಕೊಂಡು, ಆ ಪುಟ್ಟ ಗಾಜಿನ ಕಣ್ಣಿಗೆ “ಉಂಡಿಯೇನವಾ?” ಎಂದು ಕೇಳಿ, ಉತ್ತರಕ್ಕಾಗಿ ಸುಮ್ಮನೆ ಕಾದಳು.